ಮುದ್ದೆ ಮೆತ್ತಿದ ಮ್ಯಾನಿಫೋಲ್ಡು

ನಮ್ಮ ಮನೆಯ ಜೀಪು ಎಷ್ಟೋ ಕಾಲ ಓಡಲಿಲ್ಲ, ಆದರೆ ಒಂದು ದಿನವೂ ಖಾಲಿ ಕೂರಲಿಲ್ಲ. ಅದರ ಬಾನೆಟ್ಟಿನ ಮೇಲೆ ಅಮ್ಮ ಸಂಡಿಗೆ ಒಣಗಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಬೀದಿಯ ಬೆಕ್ಕು ಮರಿ ಹಾಕುತ್ತಿತ್ತು. ಸ್ಟೇರಿಂಗ್ ಮುಂದೆ ಅಪ್ಪ ಕೂತು ಪೇಪರ್ ಓದುತ್ತಿದ್ದರು. ನಾಗಸಂದ್ರದ ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಅಪ್ಪನ ಸರ್ಕಾರಿ ಕಾರ್ಖಾನೆಯಿಂದಲೇ ನಿವೃತ್ತರಾದವರು. ಅವರೆಲ್ಲ ಕೊನೆಯ ದಿನ ಗೋಡೆ ಗಡಿಯಾರವನ್ನೋ ಶಾಲನ್ನೋ ಹಿಡಿದು ಮನೆಗೆ ಬಂದರೆ, ನಮ್ಮಪ್ಪ ಮಾತ್ರ ಜೀಪೊಂದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಕಾರ್ಖಾನೆಯ ಸೆಕ್ಯುರಿಟಿಯವರು ಓಡಿಸಿ ಓಡಿಸಿ ಬೇಸತ್ತು ಹರಾಜಿಗೆ ಹಾಕಿದ್ದ ಪೆಟ್ರೋಲ್ ಜೀಪು ಅದು. ಕುಡಿಯುವುದರಲ್ಲಿ ಮಹಾ ಶೂರ, ನಡೆಯುವುದರಲ್ಲಿ ಅಲ್ಲ. ಗುಜರಿಯವನು ಗೇಟಿನ ಮುಂದೆ ಗಾಡಿ ನಿಲ್ಲಿಸಿ ಆಸೆಯಿಂದ ನೋಡುತ್ತಿದ್ದ. ಅಪ್ಪ ಪೇಪರಿನ ಮೇಲಿಂದ ಅವನನ್ನು ನೋಡುತ್ತಿದ್ದ ನೋಟಕ್ಕೆ ಅವನು ತಳ್ಳುಗಾಡಿಯನ್ನು ತಳ್ಳಿಕೊಂಡು ಹೋಗಿಬಿಡುತ್ತಿದ್ದ.

ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಒಂದು ದಿನ ಅಪ್ಪನಿಗೆ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವ ಯೋಚನೆ ಬಂತು. ಅಪ್ಪ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನವರು. ಜೀವಮಾನವಿಡೀ ಕೂದಲೆಳೆ ಹೆಚ್ಚುಕಡಿಮೆಯನ್ನು ಹುಡುಕಿಕೊಂಡು ಬದುಕಿದವರು. ದೋಸೆ ಒಂದು ಅಂಚಿನಲ್ಲಿ ದಪ್ಪವಾಗಿದ್ದರೆ ಹೇಳದೆ ಇರುತ್ತಿರಲಿಲ್ಲ, ಹೇಳಿದ ಮೇಲೆ ಅಮ್ಮನ ಕೈಲಿ ಬೈಸಿಕೊಳ್ಳದೆಯೂ ಇರುತ್ತಿರಲಿಲ್ಲ. ಎಂಜಿನ್ ತರುವ ಮೊದಲೇ ಆರ್‌ಟಿಓ ಕಚೇರಿಗೆ ಅಲೆದು, ಎಂಜಿನ್ ಬದಲಾಯಿಸಲು ಅನುಮತಿ ಪಡೆದು, ಆ ಕಾಗದವನ್ನು ದೇವರ ಮನೆಯಲ್ಲಿಟ್ಟರು. ಅಷ್ಟು ಶಿಸ್ತಿನ ಮನುಷ್ಯನ ಕೆಲಸ ಒಂದೇ ಒಂದು ಎರಕದ ಸಾಮಾನಿಗೆ ತಿಂಗಳುಗಟ್ಟಲೆ ನಿಂತುಹೋಗುತ್ತದೆಂದು ಯಾರೂ ಊಹಿಸಿರಲಿಲ್ಲ.

ಆ ಸಾಮಾನು ಎಕ್ಸಾಸ್ಟ್ ಮ್ಯಾನಿಫೋಲ್ಡು. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಒಂದೇ ಕೊಳವೆಗೆ ಕಳಿಸುವ ಕಬ್ಬಿಣದ ಕೈ. ಡೀಸೆಲ್ ಎಂಜಿನ್ನೇನೋ ಚೈನ್ ಪುಲ್ಲಿಯಲ್ಲಿ ತೂಗಾಡುತ್ತ ಜೀಪಿನ ಹೊಟ್ಟೆಗೆ ಇಳಿಯಿತು. ಆದರೆ ಅದರ ಬಲಮಗ್ಗುಲಿನ ಮ್ಯಾನಿಫೋಲ್ಡು ಉಬ್ಬಿಕೊಂಡು ಹೋಗಿ ಸ್ಟೇರಿಂಗ್ ರಾಡಿಗೆ ಆತುಕೊಂಡಿತು. ಎಡಕ್ಕೆ ತಿರುಗಿಸಿದರೆ ತಿರುಗುತ್ತದೆ, ಬಲಕ್ಕೆ ತಿರುಗಿಸಿದರೆ ಕರ್ ಎನ್ನುತ್ತದೆ. ಬರೀ ಎಡಕ್ಕೆ ತಿರುಗುವ ಜೀಪಿನಲ್ಲಿ ನಮ್ಮ ಮನೆಯನ್ನೇ ಪ್ರದಕ್ಷಿಣೆ ಹಾಕಬಹುದು, ಅಷ್ಟೆ. ಆದ್ದರಿಂದ ಎಂಜಿನ್ನಿಗೆ ಅಂಟಿಕೊಂಡು ಕೂರುವಂಥ ಚಿಕ್ಕ ಮ್ಯಾನಿಫೋಲ್ಡು ಬೇಕು, ಅದನ್ನು ಹುಡುಕಲು ಮತ್ತು ಬೇಕಾದರೆ ಬೆಸೆಯಲು ಒಬ್ಬ ಒಳ್ಳೆಯ ವೆಲ್ಡರ್ ಬೇಕು ಎಂದು ಅಪ್ಪ ಊಟದ ಹೊತ್ತಿನಲ್ಲಿ ಘೋಷಿಸಿದರು.

"ನಂಗೊಬ್ರು ಗೊತ್ತು," ಎಂದೆ ನಾನು, ಸಾರಿನ ಸೌಟಿನ ಮೇಲೆ ಕಣ್ಣಿಟ್ಟುಕೊಂಡು.

ಗೊತ್ತಿದ್ದುದು ಎಷ್ಟು ಎಂಬುದನ್ನು ಹೇಳಲಿಲ್ಲ. ನಾನಾಗ ಪೀಣ್ಯದ ಒಂದು ಪಂಪಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಹೊರಗಿನ ಶೆಡ್ಡುಗಳಲ್ಲಿ ಮಾಡಿಸಿ ತಂದ ಮಾಲನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ನನ್ನ ಉದ್ಯೋಗ. ಕೆಲಸಕ್ಕೆ ಸೇರಿದ ಮೇಲೆ ನಾನು ಅಂಟಿಸಿದ ಮೊಟ್ಟಮೊದಲ ಕೆಂಪು ಚೀಟಿ ಈ ವೆಲ್ಡರನ ಮಾಲಿಗೆ. ಬಾಗಲಕೋಟೆ ಕಡೆಯವನು, ಲಗ್ಗೆರೆಯಲ್ಲಿ ಊರಿನ ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ, ಪೀಣ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಹೆಡ್ ವೆಲ್ಡರ್. ವಿನಯ ಎಂಬುದು ಅವನ ಹತ್ತಿರ ಸುಳಿದಿರಲಿಲ್ಲ. "ಏನ್ರೀ ಮೇಡಂ, ಬಂಗಾರದಂಥಾ ಮಾಲಿಗೆ ಕೆಂಪ್ ಚೀಟಿ ಹಚ್ಚೀರಲ್ಲ!" ಎಂದು ಜಗಳಕ್ಕೇ ಬಂದ. ಅಂಚು ಉಜ್ಜಿಲ್ಲ, ಕೈ ಕೊಯ್ಯುತ್ತದೆ ಎಂದೆ. "ಕೈ ಯಾಕ ಹಚ್ತೀರಿ?" ಎಂದ. ಆಮೇಲೆ ಪ್ರತಿ ಮಾಲಿಗೂ ಒಂದು ಜಗಳ. ಒಮ್ಮೆ ಒಂದೇ ಒಂದು ತಪ್ಪೂ ಇಲ್ಲದ ಮಾಲು ತಂದು ನಿಲ್ಲಿಸಿದ. ಜಗಳವಾಡಲು ಏನೂ ಸಿಗದೆ ನಾನು ಹಸಿರು ಚೀಟಿ ಅಂಟಿಸಿದೆ. ಕೊನೆಗೆ ಅವನೇ, "ಹಂಗಾದ್ರ ಚಾ ಕುಡಿಯೂಣೇನ್ರಿ?" ಎಂದ. ಅಲ್ಲಿಂದ ಶುರು.

ಅಪ್ಪನ ಕೆಲಸಕ್ಕೆ ಅವನನ್ನು ಕರೆದದ್ದು ನನ್ನ ಉಪಾಯ. ಹುಡುಗ ಎಂಥವನೆಂದು ಅಪ್ಪ ಕಣ್ಣಾರೆ ನೋಡಲಿ, ಆಮೇಲೆ ವಿಷಯ ತೆಗೆಯೋಣ ಎಂದು. ನಮ್ಮದು ಬೇರೆ ಜಾತಿ, ಅವನದು ಬೇರೆ. ನಾವು ಮುದ್ದೆಯವರು, ಅವರು ರೊಟ್ಟಿಯವರು. ನೇರವಾಗಿ ಹೇಳಿದ್ದರೆ ಅಪ್ಪ ಇಲ್ಲ ಎನ್ನುತ್ತಿದ್ದರೋ ಏನೋ, ಬಂಧುಗಳಂತೂ ಅಪ್ಪನ ಬಾಯಲ್ಲಿ ಇಲ್ಲ ಎನ್ನಿಸದೆ ಬಿಡುತ್ತಿರಲಿಲ್ಲ. ಕೇಳುವ ಜವಾಬ್ದಾರಿಯನ್ನು ಅವನೇ ಹೊತ್ತುಕೊಂಡ, ಆದರೆ ಷರತ್ತು ಹಾಕಿದ.

"ಜೀಪ್ ಚಾಲೂ ಆದ ದಿನಾನ ಕೇಳ್ತೇನಿ. ಅರ್ಧಾ ಕೆಲಸದಾಗ ಹುಡುಗೀನ ಕೇಳಾಕ ಹೋದ್ರ, ಇವ ಹುಡುಗೀನೂ ಅರ್ಧಕ್ಕ ಬಿಟ್ಟಾನು ಅಂತಾರ."

ಮಾತು ಸರಿಯೆನಿಸಿತು. ಒಂದು ಮ್ಯಾನಿಫೋಲ್ಡು ಹುಡುಕಲು ಎಷ್ಟು ದಿನ ಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವನು ಒಂದು ಗೋಣಿಚೀಲದಲ್ಲಿ ಮ್ಯಾನಿಫೋಲ್ಡು ಹೊತ್ತು ಬರುತ್ತಿದ್ದ. ಗೇಟಿನ ಬಳಿ ಅಪ್ಪನಿಗೆ "ನಮಸ್ಕಾರ್ರೀ ಸರ", ಅಮ್ಮನಿಗೆ "ನಮಸ್ಕಾರ್ರೀ ಅಮ್ಮಾರ", ನನಗೆ "ಆರಾಮೇನ್ರಿ ಮೇಡಂ". ಮೇಡಂ ಎನ್ನುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ, ಕಳ್ಳ. ಆಮೇಲೆ ಇಬ್ಬರೂ ಬಾನೆಟ್ಟು ಎತ್ತಿ, ಅಂದರೆ ಮೊದಲು ಅಮ್ಮ ಬಂದು ಸಂಡಿಗೆ ಎತ್ತಿದ ಮೇಲೆ ಬಾನೆಟ್ಟು ಎತ್ತಿ, ಒಳಗೆ ತಲೆ ಹುದುಗಿಸುತ್ತಿದ್ದರು. ಮ್ಯಾನಿಫೋಲ್ಡು ಕೂರಿಸಿ ನಟ್ಟು ಬಿಗಿಯುವುದು ಅವನ ಪಾಲು. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸುವುದು, ಸ್ಟೇರಿಂಗ್ ತಿರುಗಿಸುವುದು ಅಪ್ಪನ ಪಾಲು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅದು ಅಪ್ಪನ ಕಾರ್ಖಾನೆಯ ಪದ್ಧತಿ.

ತೊಂದರೆಯೆಂದರೆ, ಮ್ಯಾನಿಫೋಲ್ಡಿಗೂ ಸ್ಟೇರಿಂಗ್ ರಾಡಿಗೂ ನಡುವೆ ಎಷ್ಟು ಸಂದು ಉಳಿದಿದೆಯೆಂದು ಅಳೆಯುವುದು ಹೇಗೆ? ಅದು ಕೈಯೂ ಹೋಗದ, ವರ್ನಿಯರ್ರೂ ಹೋಗದ ಮೂಲೆ. ಅಪ್ಪ ಯೋಚಿಸಿ ಯೋಚಿಸಿ ಒಂದು ದಿನ ಅಡುಗೆಮನೆಗೆ ಬಂದು, "ಒಂದ್ ಮುದ್ದೆ ಕೊಡು," ಎಂದರು.

"ಈಗ್ತಾನೆ ತಿಂಡಿ ತಿಂದ್ರಲ್ರೀ?"

"ನಂಗಲ್ಲ. ಜೀಪ್‌ಗೆ."

ಬಿಸಿ ರಾಗಿಮುದ್ದೆಯ ಒಂದು ತುಣುಕನ್ನು ಮ್ಯಾನಿಫೋಲ್ಡಿನ ಉಬ್ಬಿಗೆ ಮೆತ್ತಿ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುವುದು. ರಾಡು ಬಂದು ಮುದ್ದೆಯನ್ನು ಒತ್ತುತ್ತದೆ. ಆಮೇಲೆ ಮುದ್ದೆಯನ್ನು ಹುಷಾರಾಗಿ ಕಿತ್ತು ಅದರ ದಪ್ಪ ನೋಡಿದರೆ ಎಷ್ಟು ಸಂದು ಉಳಿದಿದೆಯೆಂದು ತಿಳಿಯುತ್ತದೆ. ಎಂಜಿನ್ ನಡುಗುತ್ತದೆ, ಕಬ್ಬಿಣ ಕಾದು ಹಿಗ್ಗುತ್ತದೆ. ಹಾಗಾಗಿ ಒಂದು ಬೆರಳು ದಪ್ಪವಾದರೂ ಇರಬೇಕು ಎಂದು ಅಪ್ಪನ ತೀರ್ಮಾನ. ಗೋಧಿ ಹಿಟ್ಟು ಜಿಗುಟುತ್ತದೆ, ಅನ್ನ ಉದುರುತ್ತದೆ, ಮುದ್ದೆ ಮಾತ್ರ ಒತ್ತಿದ ಹಾಗೆ ಇರುತ್ತದೆ ಎಂದು ಅದರ ಗುಣಗಾನ ಬೇರೆ. ಅಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ತಿನ್ನೋ ಹಿಟ್ಟನ್ನ ಎಂಜಿನ್‌ಗೆ ಮೆತ್ತುತೀರಲ್ರೀ, ದೇವ್ರು ಮೆಚ್ತಾನಾ? ಮೊದ್ಲು ನನ್ ಗ್ರೈಂಡರ್ ನೋಡಿ. ಆನ್ ಮಾಡಿದ್ರೆ ಸಾಕು, ಅಡುಗೆಮನೆ ತುಂಬಾ ನಡ್ಕೊಂಡ್ ಹೋಗುತ್ತೆ. ನೆನ್ನೆ ಬಚ್ಚಲ ತನಕ ಹೋಗಿತ್ತು."

"ಜೀಪ್ ಮುಗೀಲಿ, ನೋಡ್ತೀನಿ."

ಆದರೆ ಜೀಪು ಮುಗಿಯಬೇಕಲ್ಲ. ಮೊದಲು ತಂದ ಮ್ಯಾನಿಫೋಲ್ಡು ಯಾವುದೋ ಟೆಂಪೊದ್ದು. ಮುದ್ದೆ ಹಪ್ಪಳವಾಗಿ ಹೊರಬಂತು. ಇನ್ನೊಂದು ಟ್ರ್ಯಾಕ್ಟರಿನದು, ಅದರ ಬಾಯಿ ಮೇಲಕ್ಕೆ ತಿರುಗಿತ್ತು, ಬಾನೆಟ್ಟಿಗೆ ತೂತು ಕೊರೆದರೆ ಕೂರುತ್ತದೆ ಎಂದ. ಸಂಡಿಗೆ ಒಣಗಿಸುವ ಜಾಗಕ್ಕೆ ತೂತು ಕೊರೆಯುವ ಮಾತು ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತಳು, ಟ್ರ್ಯಾಕ್ಟರಿನದು ಗೋಣಿಚೀಲಕ್ಕೆ ಮರಳಿತು. ಆಮೇಲೆ ಅವನೇ ಪೈಪು ಬಗ್ಗಿಸಿ ಬೆಸೆದು ಒಂದನ್ನು ಮಾಡಿದ. ನೋಡಲು ಎಂಥ ಚೆಂದ! ನಾಲ್ಕು ಪೈಪುಗಳು ಒಂದಕ್ಕೊಂದು ಹೆಣೆದುಕೊಂಡು ಜಡೆ ಹಾಕಿದ ಹಾಗಿತ್ತು. ಇದು ಖಂಡಿತ ಕೂರುತ್ತದೆ ಎಂದುಕೊಂಡೆ. ಮುದ್ದೆ ಮತ್ತೆ ಹಪ್ಪಳ.

"ಕುಂದರವಲ್ದ್ರೀ ಸರ," ಎನ್ನುತ್ತಿದ್ದ ಅವನು, ತಲೆ ಕೆರೆದುಕೊಂಡು.

"ಹೌದಪ್ಪ, ಕೂರಲ್ಲ. ಮುಂದಿನ್ ವಾರ ನೋಡೋಣ," ಎನ್ನುತ್ತಿದ್ದರು ಅಪ್ಪ, ಒಂದು ಚೂರೂ ಬೇಸರವಿಲ್ಲದೆ.

ಆಮೇಲೆ ಊಟ. ಉಳಿದ ಮುದ್ದೆ, ಬಸ್ಸಾರು. ಅವನು ಮುದ್ದೆಯನ್ನು ಅಗಿಯುತ್ತಿದ್ದ. ಅಪ್ಪ ಅದನ್ನು ಕಣ್ಣಲ್ಲಿ ನೋಡಲಾರದೆ, "ಅಗೀಬಾರ್ದಪ್ಪ, ನುಂಗ್ಬೇಕು. ಸಾರಲ್ಲಿ ಅದ್ದು, ಬಾಯಿಗಿಡು, ಬಿಟ್ಬಿಡು. ಅದರ ದಾರಿ ಅದಕ್ಕೆ ಗೊತ್ತು," ಎನ್ನುತ್ತಿದ್ದರು. "ಹಲ್ಲು ಯಾಕ್ ಕೊಟ್ಟಾನ್ರೀ ಸರ ದೇವ್ರು?" ಎಂದು ಇವನು. ಅಪ್ಪ ನಗುತ್ತಿದ್ದರು. ನಿವೃತ್ತರಾದ ಮೇಲೆ ಅಪ್ಪ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ಖುಷಿಯೂ ಆಗುತ್ತಿತ್ತು, ಮೈ ಉರಿಯುತ್ತಲೂ ಇತ್ತು. ಇಲ್ಲಿ ನನ್ನ ಮದುವೆ ನಾಲ್ಕು ನಟ್ಟಿನ ಮೇಲೆ ನಿಂತಿದೆ, ಇವರಿಗೆ ಊಟದಲ್ಲಿ ತಮಾಷೆ.

ಉರಿಗೆ ತುಪ್ಪ ಸುರಿದ ಹಾಗೆ ತುಮಕೂರಿನ ಕಡೆಯಿಂದ ಒಂದು ಸಂಬಂಧ ಬಂತು. ದಸರಾ ಕಳೆದ ಮೇಲೆ ಹುಡುಗಿ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಪ್ಪ ಬನ್ನಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಆಯುಧ ಪೂಜೆ ದಿನ ಜೀಪ್ ಸ್ಟಾರ್ಟ್ ಮಾಡೋದು ಅಂದ್ಕೊಂಡಿದ್ದೀನಿ. ಆಮೇಲ್ ನೋಡೋಣ," ಎಂದರು. ಇಡೀ ಬೀದಿಗೂ ಅದನ್ನೇ ಹೇಳಿಕೊಂಡು ಬಂದರು. ಆಯುಧ ಪೂಜೆಯೊಳಗೆ ಮ್ಯಾನಿಫೋಲ್ಡು ಕೂರದಿದ್ದರೆ ಇವನು ಕೇಳುವುದಿಲ್ಲ. ಇವನು ಕೇಳದಿದ್ದರೆ ನಾನು ಸೀರೆ ಉಟ್ಟು ತುಮಕೂರಿನವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಬೇಕು.

"ಈಗ್ಲೇ ಕೇಳು. ಜೀಪ್ ಹಾಳಾಗೋಗ್ಲಿ," ಎಂದೆ ಅವನಿಗೆ, ಕಾರ್ಖಾನೆಯ ಹಿಂದಿನ ಟೀ ಅಂಗಡಿಯಲ್ಲಿ.

"ಮಾತಂದ್ರ ಮಾತು. ಮೊದ್ಲ ಜೀಪು," ಎಂದ. ಎಲ್ಲದರಲ್ಲೂ ಜಂಬ ಕೊಚ್ಚುವವನು ಇದೊಂದರಲ್ಲಿ ನೆಲ ನೋಡಿಕೊಂಡು ಮಾತಾಡಿದ. ನಾನದನ್ನು ಗಮನಿಸಬೇಕಿತ್ತು. ಸಿಟ್ಟಿನಲ್ಲಿ ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ಆ ವಾರವೇ ನಮ್ಮ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಪೀಣ್ಯದಲ್ಲಿ ಆಗ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಎಲ್ಲ ಶೆಡ್ಡುಗಳ ಹಿತ್ತಿಲಿನಲ್ಲೂ ಜನರೇಟರುಗಳು ಒಟ್ಟಿಗೆ ಗುಡುಗಲು ಶುರುಮಾಡುತ್ತಿದ್ದವು, ಅಷ್ಟೆ. ಸಿಟ್ಟು ಇಳಿಯಲೆಂದು ಹಿತ್ತಿಲಿಗೆ ಹೋಗಿ ನಮ್ಮ ಜನರೇಟರಿನ ಮುಂದೆ ನಿಂತೆ. ನೋಡುತ್ತೇನೆ, ಅದರಲ್ಲಿರುವುದು ಅಪ್ಪನ ಜೀಪಿನ ಎಂಜಿನ್ನೇ! ಅದೇ ಕಂಪನಿ, ಅದೇ ಅಳತೆ. ಆದರೆ ಜನರೇಟರಿನ ಪೆಟ್ಟಿಗೆ ಇಕ್ಕಟ್ಟು ಎಂದು ಅದಕ್ಕೆ ಬೇರೆಯೇ ಮ್ಯಾನಿಫೋಲ್ಡು ಹಾಕಿದ್ದರು. ಚಿಕ್ಕದು, ಚಪ್ಪಟೆ, ಎಂಜಿನ್ನಿಗೆ ಕಚ್ಚಿಕೊಂಡು ಕೂತಿತ್ತು. ಅದರ ಬಾಯಿ ಹಿಂದಕ್ಕೆ ತಿರುಗಿತ್ತು. ಸ್ಟೇರಿಂಗ್ ರಾಡಿನ ಕಡೆ ತಿರುಗಿಯೂ ನೋಡುವಂಥದ್ದಲ್ಲ. ಇಷ್ಟು ದಿನ ಟೆಂಪೊ, ಟ್ರ್ಯಾಕ್ಟರು ಎಂದು ಊರೆಲ್ಲ ಅಲೆದ ಇಬ್ಬರು ಗಂಡಸರಿಗೆ ಪೀಣ್ಯದ ಪ್ರತಿ ಹಿತ್ತಿಲಿನಲ್ಲಿ ಗುಡುಗುತ್ತಿದ್ದ ಸಾಮಾನು ಕಾಣಲಿಲ್ಲವೆಂದರೆ ನಂಬುವುದು ಹೇಗೆ? ನಾನು ಆಗ ನಂಬಿಬಿಟ್ಟೆ.

ಗುಜರಿ ಅಂಗಡಿಗಳಲ್ಲಿ ಹುಡುಕಿ, ಅಂಥದ್ದೇ ಒಂದನ್ನು ತಂದು, ಭಾನುವಾರ ಇಬ್ಬರ ಮುಂದೆ ಇಟ್ಟೆ. ಇಬ್ಬರೂ ಭೇಷ್ ಎಂದು ಕುಣಿಯುತ್ತಾರೆ ಎಂದುಕೊಂಡಿದ್ದೆ. ಅಪ್ಪ ಕನ್ನಡಕ ಒರೆಸಿಕೊಂಡರು. ಅವನು ಗಂಟಲು ಸರಿಮಾಡಿಕೊಂಡ.

"ಸಣ್ಣದಾತೇನೋ," ಎಂದ.

"ಸಣ್ಣದೇ ಅಲ್ವಾ ಬೇಕಾಗಿದ್ದು?" ಎಂದೆ.

ಕೂರಿಸಿದರು. ಮುದ್ದೆ ಮೆತ್ತಿದರು. ಅಪ್ಪ ಸ್ಟೇರಿಂಗ್ ತಿರುಗಿಸಿದರು. ಮುದ್ದೆ ಹಪ್ಪಳ.

ಆಗ ನನಗೆ ಅನುಮಾನ ಬಂತು. ಕಬ್ಬಿಣದ ಮೇಲಲ್ಲ; ಅದನ್ನು ನಾನೇ ಅಳೆದು ತಂದಿದ್ದೆ. ಲೆಕ್ಕದ ಪ್ರಕಾರ ಒಂದು ಬೆರಳಿಗಿಂತ ಹೆಚ್ಚೇ ಸಂದು ಉಳಿಯಬೇಕು. ಮಾಲು ಸರಿಯಿದ್ದು ಜೋಡಣೆ ತಪ್ಪಿದರೆ, ಜೋಡಿಸಿದವನನ್ನು ನೋಡು ಎಂಬುದು ಇನ್ಸ್‌ಪೆಕ್ಟರ್ ಕಲಿಯುವ ಮೊದಲ ಪಾಠ. ನಾನು ಇಷ್ಟು ದಿನ ಮುದ್ದೆಯನ್ನು ಪರೀಕ್ಷೆ ಮಾಡುತ್ತಿದ್ದೆನೇ ಹೊರತು ಮನುಷ್ಯರನ್ನಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಅಪ್ಪ ಬೂದುಗುಂಬಳ, ಬಾಳೆಕಂದು, ಚೆಂಡುಹೂವು ತರಲು ಯಶವಂತಪುರದ ಮಾರ್ಕೆಟ್ಟಿಗೆ ಹೊರಟರು. ಗೇಟು ಹಾಕಿದ ಸದ್ದಾದ ಕೂಡಲೇ ನಾನು ನೈಟಿಯ ಮೇಲೆ ಅಪ್ಪನ ಹಳೆ ಅಂಗಿ ತೊಟ್ಟು ಬಾನೆಟ್ಟು ಎತ್ತಿದೆ. ಅಮ್ಮ ಸ್ಪ್ಯಾನರ್ ಕೊಡಲು ನಿಂತಳು. ಹದಿಮೂರು ಕೇಳಿದರೆ ಹದಿನೇಳು ಕೊಡುತ್ತಿದ್ದಳು, "ದೊಡ್ಡದು ಒಳ್ಳೇದಲ್ವಾ?" ಎನ್ನುತ್ತಿದ್ದಳು.

ಮ್ಯಾನಿಫೋಲ್ಡು ಬಿಚ್ಚಿದೆ. ಗ್ಯಾಸ್ಕೆಟ್ಟಿನ ಹಿಂದೆ, ಇರಬಾರದ ಜಾಗದಲ್ಲಿ, ಒಂದು ದಪ್ಪ ಉಕ್ಕಿನ ಪ್ಲೇಟು. ಎಂಜಿನ್ನಿಗೆ ಹಚ್ಚಿದ ಕಪ್ಪು ಬಣ್ಣವನ್ನೇ ಹಚ್ಚಿ, ತೂತುಗಳನ್ನೆಲ್ಲ ಸರಿಯಾಗಿ ಕೊರೆದು, ಮ್ಯಾನಿಫೋಲ್ಡನ್ನು ರಾಡಿನ ಕಡೆ ತಳ್ಳುವಂತೆ ಅವನು ಇಟ್ಟಿದ್ದ. ಬೆರಳಿನಿಂದ ಅಂಚು ಸವರಿದೆ. ನುಣುಪು. ಒಂದು ಚೂರೂ ಕೈ ಕೊಯ್ಯಲಿಲ್ಲ. ಮೋಸದ ಪ್ಲೇಟಿಗೂ ಅಂಚು ಉಜ್ಜಿದ್ದಾನೆ, ಕೈ ಹಾಕುವವಳು ನಾನೇ ಎಂದು ಗೊತ್ತಿದ್ದವನ ಹಾಗೆ! ಅಲ್ಲೇ ಸಿಕ್ಕಿದ್ದರೆ ಸ್ಪ್ಯಾನರಿನಲ್ಲಿ ಹೊಡೆಯುತ್ತಿದ್ದೆ. ಅಂಚು ಸವರುತ್ತ ಸವರುತ್ತ ನಗು ಬಂತು, ಅದಕ್ಕೂ ಸಿಟ್ಟು ಬಂತು.

ಪ್ಲೇಟು ತೆಗೆದು ಮ್ಯಾನಿಫೋಲ್ಡು ಕೂರಿಸಿದೆ. ಆದರೂ ಸಂದು ಲೆಕ್ಕದಷ್ಟು ಬರಲಿಲ್ಲ. ಎಂಜಿನ್ನೇ ಸ್ವಲ್ಪ ಬಲಕ್ಕೆ, ರಾಡಿನ ಕಡೆ, ವಾಲಿಕೊಂಡಂತೆ ಕಂಡಿತು. ಕೆಳಗೆ ಬಗ್ಗಿ ನೋಡಿದರೆ, ಎಂಜಿನ್ ಕೂರುವ ಎಡಗಡೆಯ ಮೌಂಟಿಂಗಿನ ಕೆಳಗೆ ಇನ್ನೊಂದು ರಬ್ಬರ್ ತುಂಡು. ಅಪ್ಪನ ಪಾಲಿನ ಜಾಗ. ಜ್ಯಾಕು ಕೊಟ್ಟು ಎಂಜಿನ್ ಎತ್ತಿ ಆ ತುಂಡನ್ನು ಎಳೆದು ಅಮ್ಮನ ಕೈಗಿಟ್ಟೆ.

ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ನನ್ ಗ್ರೈಂಡರ್ ಕೆಳಗಿಂದು ಕಣೇ!"

ಗ್ರೈಂಡರು ತಿಂಗಳುಗಟ್ಟಲೆ ಅಡುಗೆಮನೆ ಸುತ್ತಿದ್ದು ಯಾಕೆಂದು ಗೊತ್ತಾಯಿತು. ಆದರೆ ಅಪ್ಪ ಯಾಕೆ? ಅಪ್ಪನಿಗೆ ವಿಷಯ ಗೊತ್ತಾಗಿದೆ, ಜೀಪು ಮುಗಿದರೆ ಹುಡುಗ ಕೇಳುತ್ತಾನೆಂದೂ ಗೊತ್ತಾಗಿದೆ, ಕೇಳಬಾರದೆಂದೇ ಹೀಗೆ ಮಾಡಿದ್ದಾರೆ ಎಂದುಕೊಂಡೆ. ಅಂದರೆ ಉತ್ತರ ಇಲ್ಲ ಎಂದೇ.

"ಅಮ್ಮಾ, ನಿಂಗೊಂದ್ ವಿಷ್ಯ ಹೇಳ್ಬೇಕು," ಎಂದೆ, ಗ್ರೀಸು ಕೈಯಲ್ಲೇ ಕಣ್ಣು ಒರೆಸಿಕೊಂಡು.

"ಹೇಳೋದೇನು? ವೆಲ್ಡಿಂಗ್ ನೋಡಕ್ಕೆ ಯಾರಾದ್ರೂ ತಲೆಗೆ ಸ್ನಾನ ಮಾಡಿ ಮಲ್ಲಿಗೆ ಮುಡ್ಕೊಂಡು ನಿಲ್ತಾರಾ?" ಎಂದಳು ಅಮ್ಮ. "ಮುಖ ತೊಳ್ಕೋ ಹೋಗು. ಅಪ್ಪ ಬರೋ ಹೊತ್ತಾಯ್ತು."

ಮುಖ ತೊಳೆದುಕೊಳ್ಳುವಾಗ ಹೊಳೆಯಿತು. ಇವತ್ತು ಆಯುಧ ಪೂಜೆ. ಒಮ್ಮೆ ಅರಿಶಿನ ಕುಂಕುಮ ಇಟ್ಟು ಪೂಜೆಯಾದರೆ, ಯಾವ ಆಯುಧವನ್ನೂ ಆ ದಿನ ಮುಟ್ಟುವಂತಿಲ್ಲ. ಸ್ಪ್ಯಾನರ್ ಮುಟ್ಟದೆ ಮ್ಯಾನಿಫೋಲ್ಡು ಬಿಚ್ಚುವುದು ಸಾಧ್ಯವಿಲ್ಲ. ಅಂದರೆ ಪೂಜೆಯಾದ ಮೇಲೆ ಅಪ್ಪನೇ ಆಗಲಿ ಅವನೇ ಆಗಲಿ ಏನನ್ನೂ ಕೆಡಿಸಲಾರರು. ಜೀಪು ಸ್ಟಾರ್ಟ್ ಆಗಲೇಬೇಕು, ಅವನು ಕೇಳಲೇಬೇಕು, ಅಪ್ಪ ಉತ್ತರ ಹೇಳಲೇಬೇಕು. ಇಲ್ಲ ಎನ್ನುವುದಾದರೆ ನನ್ನ ಮುಖ ನೋಡಿ ಎನ್ನಲಿ.

ಮಣೆಯ ಮೇಲೆ ನಾನೇ ಆಯುಧಗಳನ್ನು ಜೋಡಿಸಿದೆ. ಸ್ಪ್ಯಾನರುಗಳು, ಸುತ್ತಿಗೆ, ಅಪ್ಪನ ವರ್ನಿಯರ್, ಅಮ್ಮನ ಈಳಿಗೆ ಮಣೆ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಟ್ಟನಡುವೆ ಆ ಉಕ್ಕಿನ ಪ್ಲೇಟು ಮತ್ತು ಆ ರಬ್ಬರ್ ತುಂಡನ್ನು ಅಕ್ಕಪಕ್ಕ ಇಟ್ಟು, ಅವಕ್ಕೆ ಸ್ವಲ್ಪ ಹೆಚ್ಚೇ ಕುಂಕುಮ ಇಟ್ಟೆ.

ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಅಪ್ಪ ಪಂಚೆ ಉಟ್ಟು, ಮಂತ್ರ ಗೊತ್ತಿಲ್ಲದಿದ್ದರೂ ತುಟಿ ಅಲುಗಿಸುತ್ತ, ಕರ್ಪೂರ ಹಚ್ಚಿ ಆರತಿ ಎತ್ತಿದರು. ಜೀಪಿಗೆ ಆಯಿತು. ಮಣೆಯ ಕಡೆ ತಿರುಗಿದರು. ಆರತಿ ತಟ್ಟೆ ಅರ್ಧ ಸುತ್ತಿನಲ್ಲೇ ನಿಂತುಬಿಟ್ಟಿತು. ಹಿಂದೆ ಕೈ ಮುಗಿದು ನಿಂತಿದ್ದವನು ಇಣುಕಿ ನೋಡಿದ. ಮುಗಿದ ಕೈ ಮುಗಿದ ಹಾಗೆಯೇ ಉಳಿಯಿತು.

"ನಿಲ್ಲಿಸ್ಬೇಡ್ರೀ, ಕರ್ಪೂರ ಆರೋಗುತ್ತೆ," ಎಂದು ಅಮ್ಮ ಜೋರಾಗಿ ಗಂಟೆ ಬಾರಿಸಿದಳು.

ಅಪ್ಪ ಆರತಿ ಮುಗಿಸಿದರು. ಪ್ಲೇಟಿನ ಕಡೆ ಬೆರಳು ತೋರಿಸಿ, "ಇದ್ಯಾವ್ದಪ್ಪಾ?" ಎಂದರು.

"ಪ್ಲೇಟ್ರೀ ಸರ."

"ನಿಂದಾ?"

"ಹೌದ್ರಿ." ಉಗುಳು ನುಂಗಿ ಕೇಳಿದ, "ಆ ರಬ್ಬರ್ರೀ?"

"ನನ್ ಗ್ರೈಂಡರ್‌ದು," ಎಂದಳು ಅಮ್ಮ. "ನಿಮ್ ಸರ್ ಕದ್ದಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕೈಯೂ ತಂತಾನೇ ಸ್ಪ್ಯಾನರುಗಳ ಕಡೆ ಹೋಗಿ, ಕುಂಕುಮ ನೋಡಿ, ಹಿಂದಕ್ಕೆ ಬಂತು. ಅದನ್ನು ನೋಡಲೆಂದೇ ನಾನು ಬೆಳಿಗ್ಗೆಯೆಲ್ಲ ಗ್ರೀಸು ಬಳಿದುಕೊಂಡಿದ್ದು.

"ಮುದ್ದೆ ತರ್ಲಾ? ಮುದ್ದೆ ಆಯುಧ ಅಲ್ಲ, ಮುಟ್ಟಬಹುದು," ಎಂದೆ.

ಅಪ್ಪ ಮುದ್ದೆ ಮೆತ್ತಿದರು. ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿದರು. ಮುದ್ದೆ ದುಂಡಗೆ, ದಪ್ಪಗೆ, ಮೆತ್ತಿದ ಹಾಗೆಯೇ ಹೊರಗೆ ಬಂತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಅಪ್ಪ ಸ್ಟಾರ್ಟ್ ಮಾಡಿದರು. ಇನ್ನೂ ಸೈಲೆನ್ಸರ್ ಹಾಕಿರಲಿಲ್ಲ. ಆ ಸದ್ದಿಗೆ ಹಿಂದಿನ ಸೀಟಿನ ಬೆಕ್ಕು ಸಂಸಾರ ಸಮೇತ ಹಾರಿತು, ಬೀದಿಯ ನಿವೃತ್ತರೆಲ್ಲ ಗೇಟಿಗೆ ಬಂದು ಚಪ್ಪಾಳೆ ಹೊಡೆದರು. ಜೀಪು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ, ಬೀದಿಯ ತುದಿಗೆ ಹೋಗಿ, ಬಲಕ್ಕೆ ತಿರುಗಿ, ಹೌದು, ಬಲಕ್ಕೇ ತಿರುಗಿ, ಮರಳಿ ಬಂತು. ಅಪ್ಪ ಎಂಜಿನ್ ಆರಿಸಿದರು.

ಅವನು ಅಪ್ಪಚ್ಚಿಯಾದ ನಿಂಬೆಹಣ್ಣನ್ನೇ ನೋಡುತ್ತ ನಿಂತಿದ್ದ.

"ಕೆಲಸ ಮುಗೀತು," ಎಂದೆ ನಾನು. "ಕೇಳ್ತೀಯೋ, ನಾನೇ ಕೇಳ್ಲೋ?"

ಪೀಣ್ಯದಲ್ಲಿ ಮಾಲಿಕರನ್ನೂ ಹೆದರಿಸುತ್ತಿದ್ದವನು ನೆಲಕ್ಕೇ ಹೇಳಿದ: "ಸರ, ಕೇಳಬೇಕಂತ ಭಾಳ ದಿನ ಆತ್ರಿ. ಕೇಳಿದ್ರ ನೀವು ಇಲ್ಲ ಅಂದ್ರ, ಆ ಗೇಟಿನೊಳಗ ಮತ್ತ ಹೆಂಗ್ ಬರೂದ್ರೀ? ಅದಕ್ಕ ಪ್ಲೇಟ್ ಹಾಕಿದ್ನಿ. ಮೇಡಂ... ಅಂದ್ರ... ನಿಮ್ಮ ಮಗಳನ್ನ ನನಗ ಕೊಡ್ರಿ."

ಅಪ್ಪ ಸ್ಟೇರಿಂಗ್ ಬಿಡದೆ ಕೂತಿದ್ದರು.

"ಮೊದಲ್ನೇ ಭಾನುವಾರವೇ ಗೊತ್ತಾಯ್ತು ನಂಗೆ," ಎಂದರು. "ಇಲ್ಲ ಅನ್ನಕ್ಕೆ ಕಾರಣ ಹುಡುಕಿದೆ. ಹುಡುಕೋದಕ್ಕೆ ಟೈಮ್ ಬೇಕು ಅಂತ ರಬ್ಬರ್ ಇಟ್ಟೆ. ಒಂದೂ ಸಿಗ್ಲಿಲ್ಲ. ಮುದ್ದೆ ಅಗೀತಾನೆ ಅನ್ನೋದ್ ಬಿಟ್ರೆ."

"ಸಿಗ್ಲಿಲ್ಲ ಅಂದ್ರೆ ತೆಗೀಬೇಕಿತ್ತಲ್ಲ ಅದನ್ನ?" ಎಂದೆ. ನನ್ನೊಳಗಿನ ಇನ್ಸ್‌ಪೆಕ್ಟರ್ ಬಿಡಲಿಲ್ಲ.

ಅಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ತೆಗೆದ್ರೆ ಕೆಲಸ ಮುಗಿದೋಗ್ತಿತ್ತಲ್ಲಮ್ಮ. ಮುಗಿದ್ರೆ ಅವನು ಕೇಳ್ತಾನೆ, ಕೇಳಿದ್ರೆ ನೀನು ಹೋಗ್ತೀಯ. ಮುಗೀದಿದ್ರೆ ಭಾನುವಾರ ಭಾನುವಾರ ಇಬ್ರೂ ಇಲ್ಲೇ ಇರ್ತಿದ್ರಿ."

ಬೀದಿಯವರೆಲ್ಲ ನೋಡುತ್ತಿದ್ದರೂ ನಾನು ಜೀಪಿನ ಬಾಗಿಲು ಹಿಡಿದುಕೊಂಡು ಅತ್ತೆ. ಅಪ್ಪನ ಮೇಲೆ ಅಷ್ಟು ಸಿಟ್ಟೂ ಅಷ್ಟು ಪ್ರೀತಿಯೂ ಒಟ್ಟಿಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಅಮ್ಮ ಮಾತ್ರ ಅಳಲಿಲ್ಲ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬಿಸಿ ಮುದ್ದೆ, ಸಾರು ತಂದು ಅವನ ಮುಂದೆ ಹಿಡಿದಳು.

"ನುಂಗು," ಎಂದಳು.

ಅವನು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಕಣ್ಣಲ್ಲಿ ನೀರು ಬಂತು, ಕೆಮ್ಮಿದ, ಆದರೆ ಅಗಿಯಲಿಲ್ಲ. ಅಪ್ಪ ಹುಡುಕುತ್ತಿದ್ದ ಕೊನೆಯ ಕಾರಣವೂ ಅಲ್ಲಿಗೆ ಹೋಯಿತು.

ತುಮಕೂರಿನವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಬಂಧುಗಳು ಒಂದಷ್ಟು ದಿನ ಮುಖ ಊದಿಸಿಕೊಂಡು, ಮದುವೆಯ ಊಟಕ್ಕೆ ಸರಿಯಾಗಿ ಬಂದರು. ರಬ್ಬರ್ ತುಂಡು ಕುಂಕುಮದ ಸಮೇತ ಗ್ರೈಂಡರಿನ ಕೆಳಗೆ ಹೋಯಿತು. ಪ್ಲೇಟನ್ನು ನಾನು ಇಟ್ಟುಕೊಂಡೆ. ನಮ್ಮ ಮನೆ ಈಗ ಅಪ್ಪನ ಮನೆಯಿಂದ ಅಷ್ಟೇನೂ ದೂರವಿಲ್ಲ, ಲಗ್ಗೆರೆಯಲ್ಲಿ. ಜೀಪು ಓಡುತ್ತದೆ, ಬಲಕ್ಕೂ ತಿರುಗುತ್ತದೆ. ಆದರೆ ಶನಿವಾರ ಸಂಜೆ ಆಯಿತೆಂದರೆ ಅಪ್ಪನ ಫೋನು ಬರುತ್ತದೆ. ಬ್ರೇಕು ಸ್ವಲ್ಪ ಎಳೆಯುತ್ತದಂತೆ, ಡೈನಮೊ ಕೂಗುತ್ತದಂತೆ, ಏನೋ ಒಂದು. ಇವನು ಮರುಮಾತಾಡದೆ ಚೀಲಕ್ಕೆ ಸ್ಪ್ಯಾನರ್ ಹಾಕಿಕೊಳ್ಳುತ್ತಾನೆ. ಎಷ್ಟೋ ಭಾನುವಾರ ರಿಪೇರಿ ಮಾಡಿದ್ದು ಮುಂದಿನ ಭಾನುವಾರಕ್ಕೆ ಸರಿಯಾಗಿ ಮತ್ತೆ ಕೆಡುತ್ತದೆ. ಇಬ್ಬರಲ್ಲಿ ಯಾರು ಕೆಡಿಸುತ್ತಾರೆಂದು ಬಾನೆಟ್ಟು ಎತ್ತಿ ನೋಡಲು ನನಗೆ ಅರ್ಧ ಗಂಟೆ ಸಾಕು. ನಾನು ನೋಡಿಲ್ಲ. ಅಮ್ಮನ ಸಂಡಿಗೆ ಎತ್ತಿಕೊಟ್ಟು, ಒಳಗೆ ಹೋಗಿ ಮುದ್ದೆಗೆ ಎಸರಿಡುತ್ತೇನೆ.